ಹಗ್ಗದ ಆಚೆ

ತಪ್ಪು ಮಾಡಿದವರೇ ಬರೀಬೇಕು, ಅಂದರು ಹಾಲಮ್ಮ ಟೀಚರ್,
ಅರ್ಧ ಡಬ್ಬಿ ಬಿಳಿ ಪೇಂಟು, ಒಂದು ಹಳೇ ಕೇರಂ ಬೋರ್ಡು
ನನ್ನ ಕೈಗಿತ್ತು.
ಐವತ್ತೊಂದರ ನಾನು
ಬೆಂಚಿನ ಮೇಲೆ ನಿಂತ ಹುಡುಗನ ಹಾಗೆ ತಲೆಯಾಡಿಸಿದೆ.

ಮೊದಲನೆಯದು ಸುಲಭ:
ನೋಡಲು ಬಂದವರು ಹಗ್ಗ ದಾಟಬಾರದು.
ಮೂರನೇ ಬೇಸಿನ ಹತ್ತಿರ ಬೈಕು ನಿಲ್ಲಿಸಬಾರದು.
ಅದು ಯೂರಿಯಾ ಚೀಲಕ್ಕೆ ಮರಳು ತುಂಬಿ ಹೊಲಿದ ಬೇಸು,
ಯಾರೋ ಬಿಟ್ಟುಹೋದ ಮೂಟೆ ಅಲ್ಲ, ಕೂರಬಾರದು.
ಪಳನಿ ಅಣ್ಣ ಕೂತಿದ್ದ ಹೋದ ವರ್ಷ,
ಎರಡು ಇನಿಂಗ್ಸು, ಬೀಡಿ ಸೇದುತ್ತಾ,
ಎಬ್ಬಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಸಿಕ್ಸ್ ಎಂದು ಕೂಗಬಾರದು. ಇದು ಕ್ರಿಕೆಟ್ಟಲ್ಲ, ಸಾಫ್ಟ್‌ಬಾಲು.
ಚೆಂಡು ಬೇಲಿ ದಾಟಿದರೆ ಅದಕ್ಕೆ ಬೇರೆ ಹೆಸರಿದೆ,
ಗೊತ್ತಿಲ್ಲದವರು ಚಪ್ಪಾಳೆ ತಟ್ಟಿ, ಸಾಕು.
ಚೆಂಡು ನಿಮಗೆ ಸಿಕ್ಕರೆ ವಾಪಸ್ ಕೊಡಿ.
ನಾಯಿಗೆ ಸಿಕ್ಕರೆ ಹಿಂದೆ ಓಡಬೇಡಿ,
ಅದು ತನ್ನನ್ನೂ ಆಟಕ್ಕೆ ಸೇರಿಸಿಕೊಂಡರು ಅಂದುಕೊಳ್ಳುತ್ತದೆ.

ಅಂಪೈರ್ ಹೇಳಿದ್ದೇ ಕೊನೆ.
ಅವರು ಯಾವ ಊರು, ಯಾರ ಪೈಕಿ, ವಿಚಾರಿಸಬಾರದು.
ಹುಡುಗಿಯರ ಪ್ಯಾಂಟಿನ ಬಗ್ಗೆ ಮಾತು ಬೇಡ.
ಇದನ್ನು ಚಿನ್ಮಯಿ ಬರೆಸಿದಳು, ಪಕ್ಕದಲ್ಲೇ ನಿಂತು,
ನನ್ನ ಒತ್ತಕ್ಷರ ತಿದ್ದುತ್ತಾ.

ಐದನೆಯದಕ್ಕೆ ಬರುವಷ್ಟರಲ್ಲಿ ಬ್ರಶ್ಶು ಒಣಗಿತ್ತು.

ಹೋದ ವರ್ಷ ತರೀಕೆರೆಯವರ ಮೇಲೆ ಆಟ.
ಎರಡನೇ ಬೇಸಿನಲ್ಲಿ ನನ್ನ ಶೀಬಾ,
ಪರ್ವೀನಳ ಗ್ಲೌಸು ಸಾಲ ತಂದು ಹಾಕಿದ್ದಳು, ಒಂದು ಬೆರಳು ಹರಿದದ್ದು.
ಚೆಂಡು ಎತ್ತರಕ್ಕೆ ಹೋಯಿತು, ನಿಧಾನಕ್ಕೆ ಇಳಿಯಿತು,
ಅಷ್ಟು ನಿಧಾನಕ್ಕೆ ಇಳಿದದ್ದನ್ನು
ಮಗುವಾದರೂ ಹಿಡಿಯುತ್ತಿತ್ತು ಅನಿಸಿತು ನನಗೆ.
ಅವಳು ಬಿಟ್ಟಳು.
ಹಗ್ಗ ದಾಟಿ ಬಂದಿದ್ದೆ, ಗೊತ್ತೇ ಆಗಿರಲಿಲ್ಲ.
ನಿನಗೆ ಅನ್ನ ಹಾಕಿದ್ದೇ ದಂಡ!
ಇಡೀ ಭದ್ರಾವತಿಗೆ ಕೇಳಿಸುವ ಹಾಗೆ
ನನ್ನದೇ ಗಂಟಲು.

ಆ ರಾತ್ರಿ ಅವಳೇನೂ ಅನ್ನಲಿಲ್ಲ.
ನನಗೆ ಬಡಿಸಿದಳು, ಅವಳಮ್ಮನಿಗೆ ಬಡಿಸಿದಳು,
ತನಗೆ ಒಂದೇ ಸೌಟು,
ಅಳೆದ ಹಾಗೆ.
ಮಾರನೇ ದಿನವೂ ಒಂದೇ.
ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹಾಜರಿ ಬರೆದವನು ನಾನು,
ಎಣಿಸುವುದು ಬಿಟ್ಟು ಬೇರೆ ಬಾರದು.
ಹನ್ನೊಂದು ದಿನ ಎಣಿಸಿದೆ.

ಬೈಯಬಾರದು ಎಂದು ಬರೆದೆ, ಅಳಿಸಿದೆ.
ತಂದೆಯಂದಿರಲ್ಲಿ ವಿನಂತಿ ಎಂದು ಬರೆದೆ,
ಮದುವೆ ಕಾಗದದ ಹಾಗೆ ಕಂಡಿತು.
ಕೊನೆಗೆ ಕೇರಂ ಬೋರ್ಡಿನ ಕೆಂಪು ವೃತ್ತದ ಮೇಲೇ ಬರೆದೆ:
ನಿಮ್ಮ ಮಗು ಚೆಂಡು ಬಿಟ್ಟರೆ
ನೀವು ಆ ಗಳಿಗೆ ಆಕಾಶ ನೋಡಿ.

ಆಕಾಶ ಯಾಕ್ರೀ ಲಾಜರಸ್? ಅಂದರು ಟೀಚರ್.
ಚೆಂಡು ಬಂದದ್ದು ಅಲ್ಲಿಂದಲೇ ಅಲ್ವಾ ಮೇಡಂ, ಅಂದೆ.
ಕನ್ನಡಕ ಸರಿಮಾಡಿಕೊಂಡರು. ಇರಲಿ ಬಿಡಿ, ಅಂದರು.

ಬೋರ್ಡಿನಲ್ಲಿ ಇಲ್ಲದ ಒಂದು ನಿಯಮವೂ ಉಂಟು.
ಅದು ನನಗೊಬ್ಬನಿಗೆ, ಶೀಬಾ ಹೇಳಿದ್ದು,
ಶೂ ಲೇಸು ಕಟ್ಟುತ್ತಾ, ತಲೆ ಎತ್ತದೆ:
ಅಪ್ಪಾ, ಈ ಸಲ ನೀನು ಗೇಟಿನ ಆಚೆ.

ಹಾಗಾಗಿ ಈ ಭಾನುವಾರ ನಾನು ಮೋರಿಕಟ್ಟೆಯ ಮೇಲೆ,
ಮುನಿಯಮ್ಮನ ಕಡಲೆಕಾಯಿ ಗಾಡಿಯ ಪಕ್ಕ,
ಕಾಂಪೌಂಡಿನ ಈಚೆ. ಕಿವಿ ಮಾತ್ರ ಒಳಗೆ.
ಸೀಟಿ. ಓಡುವ ಶೂಗಳು. ಹಾಲಮ್ಮನ ಕೀರಲು ದನಿ.
ಟಣ್ಣೆಂದು ಅಲ್ಯೂಮಿನಿಯಂ ಬ್ಯಾಟು.

ಆಮೇಲೆ ಏನೂ ಇಲ್ಲ.
ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ,
ಪಳನಿ ಅಣ್ಣ ಕೂಡ ಕೆಮ್ಮಲಿಲ್ಲ.
ಇಷ್ಟು ಚೆನ್ನಾಗಿ ಬರೀಬಾರದಿತ್ತು ನಾನು.

ಏನಾಯ್ತು ನೋಡಮ್ಮಾ ಒಂಚೂರು, ಅಂದೆ.
ಮುನಿಯಮ್ಮ ಸ್ಟೂಲು ಹತ್ತಿದಳು,
ಗೋಡೆಗೆ ಗದ್ದ ಊರಿ ಬಹಳ ಹೊತ್ತು ನೋಡಿದಳು,
ಕೈಯಲ್ಲಿ ಅಳತೆಯ ಪಾವು ಹಾಗೇ ಇತ್ತು.

ಏನೋಪ್ಪ, ಅಂದಳು.
ಎಲ್ಲಾ ಮೇಲಕ್ಕೆ ನೋಡ್ತಾವ್ರೆ.